ಗುರುವಾರದ ಗಿರಾಕಿ

ತೊಂಡೇಬಾವಿ
19 ಜನವರಿ 2025

ಯಾಮಿನಿಗೆ,

ಇದು ವ್ಯವಹಾರದ ಕಾಗದ. ಬೇರೆ ಏನೂ ಅಂದುಕೊಳ್ಳಬೇಡ. ನಿನ್ನ ದನಿ ನನ್ನ ಕಿವಿಗೆ ಬೀಳಬಾರದು ಎಂದು ಅವತ್ತು ಜಗಲಿಯ ಮೇಲೆ ನಿಂತು ಹೇಳಿದ ಮಾತು ಹಾಗೇ ಇದೆ. ಫೋನು ಮಾಡಿದರೆ ಎತ್ತುವುದಿಲ್ಲ. ಕಾಗದಕ್ಕೆ ದನಿ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದನಕ್ಕೆ ಹುಲ್ಲು ಹಾಕುವ ನೆಪದಲ್ಲಿ ನಿನ್ನ ಅಮ್ಮ ಹಿತ್ತಲಿಗೆ ಹೋಗಿ ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದುಕೊಂಡಿದ್ದಾಳೆ. ಹಾಗೇ ತಿಳಿದುಕೊಂಡಿರಲಿ.

ವಿಷಯಕ್ಕೆ ಬರುತ್ತೇನೆ. ಚಿಂತಾಮಣಿಯ ಟೊಮೆಟೊ ಮಂಡಿಯ ಸಾಹುಕಾರರೊಬ್ಬರ ಹತ್ತಿರ ಒಂದು ಬೆಂಜ್ ಕಾರಿದೆ. 2012ರದು, ಡೀಸೆಲ್, ಕಪ್ಪು ಬಣ್ಣ. ಮಾರುತ್ತಾರಂತೆ. ನಾನು ತೆಗೆದುಕೊಳ್ಳುವವನಿದ್ದೇನೆ. ಚಿಕ್ಕಬಳ್ಳಾಪುರದ ಹೈವೇ ಪಕ್ಕ ಹಳೆಯ ದೊಡ್ಡ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜು ಇಟ್ಟಿದ್ದೀಯ ಎಂದು ಊರೆಲ್ಲ ಹೇಳುತ್ತದೆ. ನಿನ್ನನ್ನು ಇಂಜಿನಿಯರಿಂಗ್ ಓದಿಸಿದವನು ನಾನು. ಆ ಹಕ್ಕಿನಲ್ಲಿ ಕೇಳುತ್ತಿದ್ದೇನೆ. ಇಂಥ ಕಾರು ಕೊಳ್ಳುವಾಗ ಏನೇನು ನೋಡಬೇಕು?

ಯಾಕೆ ಎಂದು ಕೇಳಬೇಡ. ಕೇಳದಿದ್ದರೂ ಹೇಳುತ್ತೇನೆ. ನೀನು ಆ ಕೇರಿಯ ಹುಡುಗನನ್ನು ಮದುವೆಯಾದ ಮೇಲೆ ನಮ್ಮವರ ಮನೆಗಳಲ್ಲಿ ನನ್ನ ಜಾಗ ಹಿಂದಕ್ಕೆ ಸರಿದಿದೆ. ಮನೆತನಕ್ಕೆ ಹಿರಿಯ ನಾನು. ಈಗ ಎಲ್ಲೋ ಕಂಬದ ಪಕ್ಕ ಕೂರಿಸುತ್ತಾರೆ. ಹೋದ ತಿಂಗಳು ನಿನ್ನ ಚಿಕ್ಕಪ್ಪ ರಮೇಶ್‌ಬಾಬು ತನ್ನ ಮಗಳು ತನುಜಳ ನಿಶ್ಚಿತಾರ್ಥ ಇಟ್ಟುಕೊಂಡಿದ್ದ. ಶಿಡ್ಲಘಟ್ಟದ ರೇಷ್ಮೆ ಬಟ್ಟೆಯಂಗಡಿಯ ಮನೆಯವರು ಬೀಗರು. ಛತ್ರಕ್ಕೆ ನಾನು ಹೂವು ಸಾಗಿಸುವ ಪಿಕಪ್‌ನಲ್ಲೇ ಹೋಗಿದ್ದೆ. ಬಾಗಿಲಲ್ಲೇ ಅಡ್ಡ ಬಂದು, "ಅಣ್ಣಾ, ಇದನ್ನ ಹಿಂದಕ್ಕೆಲ್ಲಾದ್ರೂ ನಿಲ್ಸು, ಬೀಗರ ಕಣ್ಣಿಗೆ ಬೀಳ್ತದೆ" ಎಂದ. ನನ್ನ ಒಡಹುಟ್ಟಿದವನು.

ಅವರ ಕಣ್ಣಿಗೆ ಬೀಳುವಂಥದ್ದನ್ನೇ ತರುತ್ತೇನೆ.

ಮುನಿಶಾಮಪ್ಪ


ಚಿಕ್ಕಬಳ್ಳಾಪುರ
2 ಫೆಬ್ರವರಿ 2025

ಶ್ರೀ ಮುನಿಶಾಮಪ್ಪನವರಿಗೆ,

ವ್ಯವಹಾರ ಎಂದಿದ್ದೀರಿ. ಹಾಗೇ ಆಗಲಿ. ಗ್ಯಾರೇಜಿಗೆ ಬಂದು ಕೇಳುವ ಯಾರಿಗಾದರೂ ಏನು ಹೇಳುತ್ತೇನೋ ಅದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯ ಮಾತು, ಕೊಳ್ಳಬೇಡಿ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಹಳೆಯ ಬೆಂಜ್ ಕೊಳ್ಳುವಾಗ ಅಗ್ಗವಾಗಿ ಸಿಗುತ್ತದೆ. ಆದರೆ ಕಾರಿನ ಬೆಲೆ ಇಳಿದ ಸುದ್ದಿ ಅದರ ಬಿಡಿಭಾಗಗಳಿಗೆ ತಲುಪಿರುವುದಿಲ್ಲ, ಅವು ಹೊಸ ಕಾರಿನ ಬೆಲೆಯಲ್ಲೇ ಬರುತ್ತವೆ. ಕೊಳ್ಳಲು ತೆಗೆದಿಟ್ಟಿದ್ದರ ಅರ್ಧದಷ್ಟನ್ನಾದರೂ ಮೊದಲ ವರ್ಷದ ರಿಪೇರಿಗೆ ಬೇರೆ ಇಡಬೇಕು. ಇಡಲಾಗದಿದ್ದರೆ ಹೊಸದೊಂದು ಚಿಕ್ಕ ಕಾರು ತೆಗೆದುಕೊಂಡು ನೆಮ್ಮದಿಯಾಗಿರಬೇಕು. ಇಷ್ಟು ಕೇಳಿದ ಮೇಲೂ ಕೊಳ್ಳುತ್ತೇನೆ ಎನ್ನುವವರೇ ನಮ್ಮ ಗಿರಾಕಿಗಳು. ನೀವೂ ಅದೇ ಜಾತಿ. ಬರೆಯುತ್ತಿರುವಾಗಲೇ ಗೊತ್ತಾಗುತ್ತಿದೆ.

ನೋಡಲು ಬೆಳಿಗ್ಗೆ ಹೋಗಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಅವರು ಇಂಜಿನ್ ಎಬ್ಬಿಸಿದ್ದಾರೆ ಎಂದರ್ಥ. ತಣ್ಣಗಿರುವ ಇಂಜಿನ್ ಎದ್ದಾಗ ಮಾಡುವ ಸದ್ದೇ ಅದರ ನಿಜವಾದ ಸದ್ದು. ಬೆಚ್ಚಗಿದ್ದರೆ ಟೀ ಕುಡಿದು, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದುಬಿಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಬುಡದ ಹತ್ತಿರ ಕೆಸರಿನ ಗೆರೆ ಕಂಡರೆ ಆ ಕಾರು ಎಂದೋ ಮಳೆನೀರಿನಲ್ಲಿ ಮುಳುಗಿದ್ದು. ಬಣ್ಣ ಹೊಸದು ಹೊಡೆಯುತ್ತಾರೆ, ನೆಲದ ಹಾಸು ಬದಲಿಸುತ್ತಾರೆ, ಬೆಲ್ಟಿನ ಬಾಲ ತೊಳೆಯುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಾಗಿಲ್ಲ ಎನ್ನುತ್ತಾರೆ. ಯಾರ ಜೀವಮಾನ ಎಂದು ಕೇಳಿ.

ಈ ಮಾದರಿಯ ಕೆಲವು ಕಾರುಗಳು ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಕೂತಿರುತ್ತವೆ. ವಯಸ್ಸಾದಂತೆ ಯಾವ ರಬ್ಬರಾದರೂ ಬಿರಿಯುತ್ತದೆ. ಹಿಂದಿನ ದಿನ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಆ ಕಡೆಯ ಚೀಲ ಸೋರುತ್ತಿದೆ ಎಂದು ತಿಳಿಯಿರಿ.

ಇನ್ನು ನಮ್ಮ ನಿಯಮ. ಕೊಳ್ಳುವ ಮುಂಚೆ ಕಾರನ್ನು ನಾವೇ ಬಂದು ಪರೀಕ್ಷಿಸುತ್ತೇವೆ. ಇಂಜಿನ್ ನಾನು ನೋಡುತ್ತೇನೆ, ವೈರು, ಕಂಪ್ಯೂಟರು, ಗಾಳಿಯ ಚೀಲ ಎಲ್ಲ ಸುನೀಲ್ ನೋಡುತ್ತಾನೆ. ಅವನನ್ನು ಬಿಟ್ಟು ನಾನು ಯಾವ ಕಾರನ್ನೂ ನೋಡಲು ಹೋಗುವುದಿಲ್ಲ. ನಿಮಗೆ ಅದು ಆಗುವುದಿಲ್ಲವೆಂದರೆ ಕಾಗದದಲ್ಲಿ ಬರೆದಿರುವುದೇ ನಿಮ್ಮ ಪಾಲಿಗೆ.

ಆ ಕೇರಿಯ ಹುಡುಗನಿಗೆ ಒಂದು ಹೆಸರಿದೆ. ಮುಂದಿನ ಸಲ ಬರೆಯುವಾಗ ಅದನ್ನು ಬಳಸಿ.

ಯಾಮಿನಿ ಸುನೀಲ್


ತೊಂಡೇಬಾವಿ
23 ಫೆಬ್ರವರಿ 2025

ಯಾಮಿನಿಗೆ,

ಕಾರು ಬಂದಿದೆ. ನಮ್ಮ ಬೀದಿಯಲ್ಲಿ ನಿಂತಿದೆ. ಅವನು ಬಂದು ನೋಡಬೇಕಾಗಲಿಲ್ಲ. ನನಗೂ ಎರಡು ಕಣ್ಣಿವೆ.

ನೀನು ಬರೆದದ್ದನ್ನೆಲ್ಲ ಮಾಡಿದೆ. ಚಿಂತಾಮಣಿಗೆ ಬೆಳಿಗ್ಗೆಯೇ ಹೋದೆ. ಮೊದಲ ದಿನ ಬಾನೆಟ್ ಬೆಚ್ಚಗಿತ್ತು. ಟೀ ಕುಡಿದು ಎದ್ದು ಬಂದೆ. ಸಾಹುಕಾರರ ಮುಖ ನೋಡಬೇಕಿತ್ತು. ಎರಡನೆಯ ಸಲ ಹೇಳದೆ ಹೋದೆ. ತಣ್ಣಗಿತ್ತು. ಎಬ್ಬಿಸಿದರು. ಒಂದು ಸಲ ಗುರ್ರೆಂದು ಆಮೇಲೆ ಹಸು ಮೆಲುಕು ಹಾಕುವ ಹಾಗೆ ಮೆಲ್ಲಗೆ ಸದ್ದು ಮಾಡುತ್ತಿತ್ತು. ಹಿಂದಿನ ಸೀಟಿನ ಬೆಲ್ಟನ್ನು ಎಳೆಯುತ್ತಾ ಹೋದೆ. ಅದು ಮುಗಿಯಲೇ ಇಲ್ಲ. ಸಾಹುಕಾರರಿಗೆ ರೇಗಿತು.

"ಏಮಪ್ಪಾ, ಬೆಲ್ಟು ಕಿತ್ತಾಕ್ತೀಯಾ ಏಮಿ? ಕಾರ್ ತಗೊಳಕ್ ಬಂದಿದೀಯೋ, ಹಗ್ಗ ಅಳೆಯಕ್ ಬಂದಿದೀಯೋ?"

"ಕೆಸರು ಹುಡುಕ್ತಾ ಇದೀನಿ ಸಾಹುಕಾರ್ರೇ" ಎಂದೆ.

"ಕೆಸರು ಬೇಕಂದ್ರೆ ನಮ್ ಟೊಮೆಟೊ ತೋಟಕ್ಕೆ ಬಾರಪ್ಪ" ಎಂದರು. ಮಂಡಿಯವರೆಲ್ಲ ನಕ್ಕರು. ನಾನೂ ನಕ್ಕೆ. ಬೆಲ್ಟಿನ ಬುಡ ಶುದ್ಧವಾಗಿತ್ತು. ಗೇರ್‌ಬಾಕ್ಸಿನ ಎಣ್ಣೆಯ ವಿಷಯದಲ್ಲಿ, ಯಾರ ಜೀವಮಾನ ಎಂದೂ ಕೇಳಿದೆ. ಅದಕ್ಕೆ ಅವರು ಇನ್ನೊಂದು ಟೀ ತರಿಸಿದರು. ಗಾಳಿಯ ಚೀಲದ ವಿಚಾರ ಮಾತ್ರ ಬಿಟ್ಟುಬಿಟ್ಟೆ. ನಾಲ್ಕು ಮೂಲೆಯೂ ಸಮ ಇದ್ದ ಹಾಗೆ ಕಂಡಿತು. ಅಷ್ಟು ಹೊತ್ತಿಗೆ ನನಗೆ ಆ ಕಾರು ಬೇಕಾಗಿತ್ತು, ಇನ್ನೇನನ್ನೂ ನೋಡಲು ಮನಸ್ಸು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆಯೇ ಅದನ್ನು ಓಡಿಸಿಕೊಂಡು ಊರೊಳಗೆ ಬಂದಾಗ ರಮೇಶ್‌ಬಾಬು ಗೇಟಿನ ಹತ್ತಿರ ಹಲ್ಲುಜ್ಜುತ್ತಿದ್ದ. ಬ್ರಷ್ಷು ಬಾಯಲ್ಲೇ ಉಳಿಯಿತು. ಇಷ್ಟು ದಿನಗಳಲ್ಲಿ ನನಗೆ ಅಷ್ಟು ಸಂತೋಷ ಆಗಿರಲಿಲ್ಲ ಎಂದು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನಿನ್ನ ಅಮ್ಮ ಆರತಿ ಎತ್ತಿದಳು. ಮುಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿ ಏರಿಸಿ ಆಡಿದಳು.

ಸಲಹೆಗೆ ಏನಾದರೂ ಕೊಡಬೇಕಿದ್ದರೆ ಬರೆ. ಬಿಟ್ಟಿ ಬೇಡ.

ಮುನಿಶಾಮಪ್ಪ


ಚಿಕ್ಕಬಳ್ಳಾಪುರ
16 ಮಾರ್ಚ್ 2025

ಶ್ರೀ ಮುನಿಶಾಮಪ್ಪನವರಿಗೆ,

ನಿಮ್ಮ ಕಾರಿನ ಎಡಗಡೆ ಹಿಂದಿನ ಮೂಲೆ ಕುಸಿದಿದೆ. ಯಾರೂ ಹೇಳಿದ್ದಲ್ಲ, ನಾನೇ ನೋಡಿದೆ. ನೀವು ನಮ್ಮ ಗ್ಯಾರೇಜಿನ ಮುಂದೆ ಹೋದಿರಿ, ಮುಂದೆ ತಿರುಗಿಸಿಕೊಂಡು ಮತ್ತೆ ಬಂದಿರಿ, ನಿಲ್ಲಿಸಲಿಲ್ಲ. ಕಪ್ಪು ಗಾಜಿನ ಹಿಂದೆ ಕೂತರೆ ಹೊರಗಿನವರಿಗೆ ಕಾಣುವುದಿಲ್ಲ ಎಂದುಕೊಂಡಿರಿ. ಅಮ್ಮ ಕೈ ಬೀಸುತ್ತಿದ್ದದ್ದು ಕಾಣುತ್ತಿತ್ತು. ನಾನು ಬೀಸಲಿಲ್ಲ. ಕೈಯೆಲ್ಲ ಗ್ರೀಸ್ ಆಗಿತ್ತು.

ಕುಸಿದ ಮೂಲೆಯಲ್ಲಿ ಓಡಿಸುತ್ತಾ ಹೋದರೆ ಗಾಳಿ ತುಂಬುವ ಪಂಪು ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಆಗ ಒಂದರ ಜಾಗದಲ್ಲಿ ಎರಡು ಬದಲಿಸಬೇಕಾಗುತ್ತದೆ. ಓಡಿಸುವುದನ್ನು ನಿಲ್ಲಿಸಿ. ಗಾಳಿಯ ಚೀಲ ನೋಡುವವನು ಸುನೀಲ್ ಎಂದು ಬರೆದಿದ್ದೆ. ಅವನನ್ನು ಕರೆಯದಿದ್ದುದಕ್ಕೆ ಅವನಿಗೇನೂ ನಷ್ಟವಾಗಿಲ್ಲ. ಕುಸಿದಿರುವುದು ನಿಮ್ಮ ಕಾರು.

ಸಲಹೆಗೆ ನಾವು ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ.

ಯಾಮಿನಿ ಸುನೀಲ್


ತೊಂಡೇಬಾವಿ
6 ಏಪ್ರಿಲ್ 2025

ಯಾಮಿನಿಗೆ,

ನಾವು ನಂದಿಗೆ ಹೋಗಿದ್ದೆವು. ದಾರಿ ತಪ್ಪಿ ಆ ಕಡೆ ಬಂದೆವು. ಅಷ್ಟೇ.

ಗೌರಿಬಿದನೂರಿನಲ್ಲಿ ಒಬ್ಬನಿಗೆ ತೋರಿಸಿದೆ. ಬ್ಯಾಟರಿ ಹೊಸದು ಹಾಕಿದ. ಆಮೇಲೆ ಟೈರು. ಆಮೇಲೆ ತಲೆ ಕೆರೆದುಕೊಂಡ. ಮೂಲೆ ಹಾಗೇ ಕುಸಿದಿದೆ, ಕಾಲು ಮುರಿದ ಎಮ್ಮೆಯ ಹಾಗೆ. ಬೀದಿಯಲ್ಲಿ ಹೋಗುವವರೆಲ್ಲ ಬಗ್ಗಿ ನೋಡುತ್ತಾರೆ.

ಮೇ 11ಕ್ಕೆ ಶಿಡ್ಲಘಟ್ಟದಲ್ಲಿ ತನುಜಳ ಮದುವೆ. ರಮೇಶ್‌ಬಾಬು ಮನೆಗೆ ಬಂದಿದ್ದ. ನಿನ್ನ ಮದುವೆಯಾದ ಮೇಲೆ ನಮ್ಮ ಹೊಸ್ತಿಲು ದಾಟಿರಲಿಲ್ಲ. "ಅಣ್ಣಾ, ಮದುಮಗನ್ನ ನಿನ್ ಬೆಂಜಲ್ಲೇ ಕರ್ಕೊಂಡ್ ಬರಣ. ಬೀಗರ ಮುಂದೆ ನಮ್ ಮನೆತನದ ಮಾನ" ಎಂದ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾನಂತೆ. ನಾನು ಆಗಲಿ ಎಂದಿದ್ದೇನೆ. ಆ ಹೊತ್ತಿಗೆ ಕಾರು ನೆಟ್ಟಗೆ ನಿಲ್ಲಬೇಕು.

ನೀನು ಬಂದು ಮಾಡಿಕೊಡು. ಸಾಮಾನು ಏನೇನು ಬೇಕೋ ತೆಗೆದುಕೊಂಡು ಬಾ. ನೀನೊಬ್ಬಳೇ ಬಾ. ಹಿತ್ತಲ ಕಡೆಯಿಂದ ಬಂದರೆ ಕೊಟ್ಟಿಗೆಯ ಪಕ್ಕ ನೆರಳಿದೆ, ಅಲ್ಲಿ ಕಾರು ನಿಲ್ಲಿಸಿರುತ್ತೇನೆ. ಬೀದಿಗೆ ಕಾಣುವುದಿಲ್ಲ. ನಾನು ತೋಟದಲ್ಲಿರುತ್ತೇನೆ. ಅಮ್ಮನ ಜೊತೆ ಮಾತಾಡಿಕೊಂಡು ಹೋಗಬಹುದು.

ಇದಕ್ಕಿಂತ ಹೆಚ್ಚು ನಾನು ಇಳಿಯಲಾರೆ.

ಮುನಿಶಾಮಪ್ಪ


ಚಿಕ್ಕಬಳ್ಳಾಪುರ
13 ಏಪ್ರಿಲ್ 2025

ಶ್ರೀ ಮುನಿಶಾಮಪ್ಪನವರಿಗೆ,

ಬರುವುದಿಲ್ಲ.

ಆ ಮನೆಯ ಮುಂಬಾಗಿಲಿನಿಂದ ಸುನೀಲನ ಕೈ ಹಿಡಿದುಕೊಂಡು ಹೊರಗೆ ಬಂದವಳು ನಾನು. ಎಲ್ಲರೂ ನೋಡುತ್ತಿದ್ದರು, ನೀವೂ ನೋಡುತ್ತಿದ್ದಿರಿ. ಕೊಟ್ಟಿಗೆಯ ಪಕ್ಕದಿಂದ ಕಳ್ಳಿಯ ಹಾಗೆ ಒಳಗೆ ಬರಲು ನಾನು ಏನನ್ನೂ ಕದ್ದಿಲ್ಲ. ಅಮ್ಮನನ್ನು ನೋಡದೆ ನನಗೆ ಏನಾಗುತ್ತಿದೆ ಎಂಬುದನ್ನು ನಿಮಗೆ ಬರೆಯುವುದಿಲ್ಲ. ಅದನ್ನು ಮುಂದಿಟ್ಟು ನನ್ನನ್ನು ಹಿಂಬಾಗಿಲಿಗೆ ಕರೆಯುತ್ತಿದ್ದೀರಲ್ಲ, ಅದಕ್ಕೂ ಬರುವುದಿಲ್ಲ.

ಕಾರು ಗ್ಯಾರೇಜಿಗೆ ಬರಬೇಕು. ಹಗಲಿನಲ್ಲಿ ಬರಬೇಕು. ಲಾರಿಯ ಮೇಲೆ ಹೇರಿಸಿಕೊಂಡು ಬನ್ನಿ, ಓಡಿಸಿಕೊಂಡು ಬರಬೇಡಿ. ಎಲ್ಲ ಗಿರಾಕಿಗಳ ಹಾಗೆ ಏನು ತೊಂದರೆ ಎಂದು ನಿಮ್ಮ ಬಾಯಲ್ಲೇ ಹೇಳಬೇಕು. ಸುನೀಲ್ ಕೇಳುತ್ತಾನೆ, ನೀವು ಹೇಳುತ್ತೀರಿ. ಅದು ಆಗದಿದ್ದರೆ ಮದುಮಗನನ್ನು ಚಿಕ್ಕಪ್ಪನ ಕಾರಿನಲ್ಲೇ ಕರೆತನ್ನಿ. ಮನೆತನದ ಮಾನ ಅದರಲ್ಲೂ ಹಿಡಿಸುತ್ತದೆ.

ಯಾಮಿನಿ ಸುನೀಲ್


ತೊಂಡೇಬಾವಿ
25 ಏಪ್ರಿಲ್ 2025

ಯಾಮಿನಿಗೆ,

ಗುರುವಾರ ಗುರುವಾರ ನೀನು ಬಿಡಿಭಾಗ ತರಲು ಬೆಂಗಳೂರಿಗೆ ಹೋಗುತ್ತೀಯ ಎಂದು ನಿನ್ನ ಅಮ್ಮ ಯಾರಿಗೋ ಹೇಳುವ ಹಾಗೆ ಗೋಡೆಗೆ ಹೇಳಿದಳು. ನಿನ್ನ ದನಿ ಕೇಳುವುದಿಲ್ಲ ಎಂದವನು ನಾನು. ನಿನ್ನ ಗ್ಯಾರೇಜು ನೋಡುವುದಿಲ್ಲ ಎಂದಿರಲಿಲ್ಲ. ಅದಕ್ಕೇ ನಿನ್ನೆ ಗುರುವಾರ ಬಂದೆ.

ಲಾರಿಯ ಬೆನ್ನ ಮೇಲೆ ಕಾರು ಕೂರಿಸಿ ಬೀದಿಯಲ್ಲಿ ಹೊರಟಾಗ ರಮೇಶ್‌ಬಾಬು, "ಏನಣ್ಣಾ, ಬೆಂಜ್‌ನ ಗುಜರಿಗೆ ಹಾಕ್ತೀಯಾ?" ಎಂದ. "ಡಾಕ್ಟ್ರ ಹತ್ರ" ಎಂದೆ. ಯಾವ ಡಾಕ್ಟರು ಎಂದು ಅವನಿಗೆ ತಿಳಿಯದೆ ಇರಲಿಲ್ಲ.

ನಿನ್ನ ಗ್ಯಾರೇಜಿನಲ್ಲಿ ಅವನು ಒಂದು ಕಾರಿನ ಕೆಳಗಿನಿಂದ ಎದ್ದು ಬಂದ. ಕೈ ಒರೆಸಿಕೊಂಡ. ನೋಡಿದ. ಕಾಲಿಗೆ ಬೀಳುತ್ತಾನೇನೋ ಎಂದು ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವನು ಬಗ್ಗಲೇ ಇಲ್ಲ.

"ಏನ್ ತೊಂದ್ರೆ ಸಾರ್ ಗಾಡಿಗೆ?" ಎಂದ.

ಹೇಳಿದೆ. ನನ್ನ ಬಾಯಲ್ಲೇ ಹೇಳಿದೆ. ಕಾರನ್ನು ಮೇಲಕ್ಕೆತ್ತಿ ಸೋಪು ನೀರು ಹಚ್ಚಿದ. ಚೀಲದ ಮಡಿಕೆಯಲ್ಲಿ ಗುಳ್ಳೆ ಬಂತು, ತೋರಿಸಿದ. "ಪಂಪು ಉಳ್ಕೊಂಡಿದೆ ಸಾರ್. ಇನ್ನೊಂದ್ ವಾರ ಓಡ್ಸಿದ್ರೆ ಅದೂ ಹೋಗ್ತಿತ್ತು. ಎರಡೂ ಕಡೆ ಚೀಲ ಒಟ್ಟಿಗೇ ಬದಲಾಯ್ಸಣ, ಒಂದು ಹೊಸದು ಒಂದು ಹಳೇದು ಬೇಡ. ಸಾಯಂಕಾಲ ಆಗುತ್ತೆ."

ಬೆಂಚಿನ ಮೇಲೆ ಕೂತೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ನಿನ್ನ ಪದವಿಯ ಪತ್ರ. ನಿನ್ನ ಹೆಸರಿನ ಮುಂದೆ ನನ್ನ ಹೆಸರಿನ ಅಕ್ಷರ ಇನ್ನೂ ಇದೆ.

ಮಧ್ಯಾಹ್ನವಾಯಿತು. ಅವನು ಕೈ ತೊಳೆದು ಡಬ್ಬಿ ಬಿಚ್ಚಿದ. ಊಟಕ್ಕೆ ಕರೆಯುತ್ತಾನೆ, ಬೇಡ ಎನ್ನಬೇಕು ಎಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಅವನು ಕರೆಯಲೇ ಇಲ್ಲ. "ಎಡಕ್ಕೆ ಹೋದ್ರೆ ಒಳ್ಳೇ ಹೋಟ್ಲಿದೆ ಸಾರ್" ಎಂದು ತಿನ್ನಲು ಶುರುಮಾಡಿದ. ನನಗೆ ರೇಗಿತು.

"ಏನಯ್ಯಾ, ಬಂದೋರ್ನ ಊಟ ಮಾಡ್ತೀರಾ ಅಂತ ಒಂದ್ ಮಾತೂ ಕೇಳಲ್ವಾ?"

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. "ನೀವು ಬಂದಿರೋದು ಗ್ಯಾರೇಜಿಗೆ ಸಾರ್. ನಮ್ ಮನೆಗೆ ಬಂದ್ ದಿನ ಕೇಳ್ತೀನಿ" ಎಂದ.

ನಾನು ಹೋಟೆಲಿಗೆ ಹೋದೆ. ಇಡ್ಲಿ ತರಿಸಿ ಅರ್ಧಕ್ಕೇ ಎದ್ದು ಬಂದೆ. ಹಾಗೆ ಮುಖಕ್ಕೆ ಹೊಡೆದಂತೆ ಮಾತಾಡುವವರು ನಮ್ಮ ಕಡೆ ಯಾರೂ ಉಳಿದಿಲ್ಲ, ನಿನ್ನನ್ನು ಬಿಟ್ಟರೆ.

ಸಾಯಂಕಾಲ ಕಾರು ನಾಲ್ಕು ಕಾಲಿನ ಮೇಲೆ ಸಮನಾಗಿ ನಿಂತಿತು. ನೋಡಣ ಬನ್ನಿ ಎಂದು ಹೈವೇಗೆ ಕರೆದುಕೊಂಡು ಹೋದ. ಬರುವಾಗ ನನ್ನ ಕೈಗೆ ಕೊಟ್ಟ. ನಾನು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿದ್ದೆ. "ಸಡಿಲ ಬಿಡಿ ಸಾರ್. ಅದು ನಿಮ್ದೇ ಗಾಡಿ, ಬಿಟ್ಟು ಎಲ್ಲೂ ಓಡೋಗಲ್ಲ" ಎಂದ. ನನಗೆ ನಗು ಬಂತು. ನಕ್ಕ ಮೇಲೆ ಯಾಕೆ ನಕ್ಕೆನೋ ಎನಿಸಿತು.

ಹೊರಡುವಾಗ ನೋಡಿದರೆ ಹಿಂದಿನ ಗಾಜಿನ ಮೂಲೆಯಲ್ಲಿ 'ಯಾಮಿನಿ ಸುನೀಲ್ ಆಟೋ ವರ್ಕ್ಸ್' ಎಂದು ಸ್ಟಿಕರ್ ಅಂಟಿಸಿದ್ದ. "ಕೆಲ್ಸ ಮಾಡಿದ್ ಗಾಡಿಗೆಲ್ಲ ಹಾಕ್ತೀವಿ. ಬೇಡಾಂದ್ರೆ ಈಗ್ಲೇ ಹೇಳಿ, ಕೀಳ್ತೀನಿ" ಎಂದ. ನಾನು ಏನೂ ಹೇಳದೆ ಹತ್ತಿಕೊಂಡು ಬಂದೆ.

ಸುನೀಲ್ ಕೆಲಸ ಚೆನ್ನಾಗಿ ಮಾಡುತ್ತಾನೆ. ಇದನ್ನೂ ವ್ಯವಹಾರವಾಗಿಯೇ ಬರೆಯುತ್ತಿದ್ದೇನೆ.

ಮುನಿಶಾಮಪ್ಪ


ಚಿಕ್ಕಬಳ್ಳಾಪುರ
3 ಮೇ 2025

ಶ್ರೀ ಮುನಿಶಾಮಪ್ಪನವರಿಗೆ,

ಆ ಗುರುವಾರ ನಾನು ಬೆಂಗಳೂರಿನಿಂದ ಬಂದಾಗ ಸುನೀಲ್ ಉಪಕರಣಗಳನ್ನು ಎತ್ತಿಡುತ್ತಿದ್ದ. "ನಿಮ್ಮಪ್ಪ ಬಂದಿದ್ರು. ಬ್ರೇಕ್ ಬಹಳ ಜೋರಾಗಿ ಒತ್ತುತಾರೆ" ಎಂದ. ಅಷ್ಟೇ. ಉಳಿದದ್ದೆಲ್ಲ ನಿಮ್ಮ ಕಾಗದದಿಂದಲೇ ತಿಳಿದದ್ದು.

ಕಾರು ನೋಡಿಕೊಳ್ಳುವ ಬಗ್ಗೆ ಎರಡು ಮಾತು. ಇಂಥ ಡೀಸೆಲ್ ಇಂಜಿನ್ನನ್ನು ಊರಿನಿಂದ ತೋಟಕ್ಕೆ, ತೋಟದಿಂದ ಊರಿಗೆ ಮಾತ್ರ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ. ವಾರಕ್ಕೊಂದು ಸಲ ದೊಡ್ಡ ರಸ್ತೆಯಲ್ಲಿ ಬಿಸಿಯಾಗುವಷ್ಟು ಓಡಿಸಬೇಕು. ಕೊಟ್ಟಿಗೆಯ ಹತ್ತಿರ ನಿಲ್ಲಿಸಲೇಬೇಡಿ. ಮೇವಿಗೆ ಬರುವ ಇಲಿ ಅಲ್ಲೇ ನಿಲ್ಲುವುದಿಲ್ಲ, ಬೆಚ್ಚಗಿರುವ ಇಂಜಿನ್ ಹತ್ತಿ ವೈರು ಕಡಿಯುತ್ತದೆ. ಊರಿನ ಹಂಪುಗಳನ್ನು ಅಡ್ಡಡ್ಡ ಹತ್ತಿಸಿ, ನೇರ ನುಗ್ಗಿಸಬೇಡಿ. ಬಾಗಿಲನ್ನು ಅಮ್ಮನಿಗೆ ಮೆಲ್ಲಗೆ ಹಾಕಲು ಹೇಳಿ. ಅದು ಪಿಕಪ್ ಅಲ್ಲ.

ಇನ್ನೊಂದು ವಿಷಯ. ಚಿಕ್ಕಪ್ಪ ಮದುವೆಯ ಪತ್ರಿಕೆ ಅಂಚೆಯಲ್ಲಿ ಕಳಿಸಿದ್ದಾರೆ. ತನುಜ ಹಟ ಹಿಡಿದಿರಬೇಕು, ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲ. ಮೇಲೆ 'ಕುಮಾರಿ ಯಾಮಿನಿ' ಎಂದು ಬರೆದಿದ್ದಾರೆ. ನನಗೆ ಮದುವೆಯೇ ಆಗಿಲ್ಲ ಎಂಬ ಹಾಗೆ. ನಾನು ಆ ಪತ್ರಿಕೆಯನ್ನು, 'ಈ ವಿಳಾಸದಲ್ಲಿ ಈ ಹೆಸರಿನವರು ಯಾರೂ ಇಲ್ಲ' ಎಂದು ಬರೆದು ಹಿಂದಿರುಗಿಸಿದ್ದೇನೆ. ತನುಜಳಿಗೆ ಫೋನಿನಲ್ಲಿ ಹಾರೈಸಿದೆ. ಅವಳು ಅತ್ತಳು. ನಾನು ಅಳಲಿಲ್ಲ.

ನೀವು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕಾರು ಕೈಕೊಡುವುದಿಲ್ಲ, ಅದಕ್ಕೆ ನಾವು ಜವಾಬ್ದಾರಿ.

ಯಾಮಿನಿ ಸುನೀಲ್


ತೊಂಡೇಬಾವಿ
14 ಮೇ 2025

ಯಾಮಿನಿಗೆ,

ಮದುವೆಯಲ್ಲಿ ಏನಾಯಿತು ಎಂದು ಬೇರೆಯವರ ಬಾಯಿಂದ ನೀನು ಕೇಳಿರುತ್ತೀಯ. ಅವರು ಬಣ್ಣ ಹಚ್ಚಿರುತ್ತಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ನಮ್ಮ ತೋಟದ ಗುಲಾಬಿಯಲ್ಲೇ ಕಾರನ್ನು ಸಿಂಗರಿಸಿದೆ. ಶಿಡ್ಲಘಟ್ಟದಲ್ಲಿ ಮದುಮಗನನ್ನು ದೇವಸ್ಥಾನದಿಂದ ಮಂಟಪಕ್ಕೆ ಕರೆತರಬೇಕಿತ್ತು. ಕಾರು ದೇವಸ್ಥಾನದ ಮುಂದೆ ನಿಂತಾಗ ಬೀಗರೆಲ್ಲ ಸುತ್ತ ಸೇರಿದರು. ಮದುಮಗನ ಸೋದರಮಾವ, ಹರಿಕೃಷ್ಣ ಎಂದು ಹೆಸರು, ಕಾರಿನ ಸುತ್ತ ಒಂದು ಸುತ್ತು ಬಂದು ಹಿಂದಿನ ಗಾಜಿನ ಹತ್ತಿರ ಬಗ್ಗಿದರು. "ಯಾಮಿನಿ ಸುನೀಲ್... ಯಾರ್ರೀ ಇವ್ರು? ಗಾಡಿನ ಚೆನ್ನಾಗಿಟ್ಟಿದಾರೆ. ನಂದೂ ಒಂದು ಹಳೇದಿದೆ, ಯಾರ ಕೈಗೂ ಬಗ್ತಾ ಇಲ್ಲ" ಎಂದರು. ರಮೇಶ್‌ಬಾಬು ನನ್ನ ಮುಂದೆ ಹಾಯ್ದು, "ಯಾರೋ ಬೆಂಗ್ಳೂರೋರು, ನಮಗೆ ಗೊತ್ತಿಲ್ಲ" ಎಂದ.

ಆಗ ನಾನು ಸುಮ್ಮನಿದ್ದೆ. ಅದನ್ನೂ ಬರೆಯುತ್ತೇನೆ. ಸುಮ್ಮನಿದ್ದೆ.

ಅವರು ಒಳಗೆ ಹೋದ ಮೇಲೆ ರಮೇಶ್‌ಬಾಬು ಒದ್ದೆ ಬಟ್ಟೆ, ಬ್ಲೇಡು ಹಿಡಿದುಕೊಂಡು ಬಂದ.

"ಅಣ್ಣಾ, ಬೀಗರು ಓದ್ತಾವ್ರೆ. ಕೇಳ್ತಾ ಹೋದ್ರೆ ಎಲ್ಲಾ ಹೊರಗ್ ಬರ್ತದೆ. ಕಿತ್ತಾಕ್ತೀನಿ."

"ಮುಟ್ಟಬೇಡ" ಎಂದೆ.

"ಒಂದು ಸ್ಟಿಕರ್ ಕಣಣ್ಣಾ."

"ನನ್ ಮಗಳ ಹೆಸರು ಕಣೋ ಅದು."

"ಅದ್ರ ಪಕ್ಕ ಅವನ ಹೆಸರೂ ಐತಲ್ಲ!"

"ಐತೆ. ಮಗಳ ಪಕ್ಕ ಅಳಿಯನ ಹೆಸರು ಇರ್ದೆ, ನಿನ್ ಹೆಸರು ಇರ್ತದಾ?"

ಅಳಿಯ ಎಂದು ನನ್ನ ಬಾಯಲ್ಲಿ ಬಂದದ್ದು ನನಗೇ ಆಮೇಲೆ ಕೇಳಿಸಿತು. ಅವನ ಮುಖ ಕೆಂಪಾಯಿತು. ಆ ಸ್ಟಿಕರ್ ಇರುವ ಕಾರಿನಲ್ಲಿ ತನ್ನ ಅಳಿಯ ಕೂರುವುದಿಲ್ಲ ಎಂದ. ಹರಿಕೃಷ್ಣ ಅವರು ಮತ್ತೆ ಹೊರಗೆ ಬಂದು, ಏನು ಗಲಾಟೆ ಎಂದು ಕೇಳಿದರು. ಅಲ್ಲಿ ವಾಲಗದವರಿದ್ದರು, ನಮ್ಮವರೆಲ್ಲ ಇದ್ದರು, ನಿನ್ನ ಅಮ್ಮ ಕಳಶ ಹಿಡಿದು ನಿಂತಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಆಗ ಕೇಳಿದ್ರಲ್ಲ ಸ್ವಾಮಿ, ಯಾಮಿನಿ ಸುನೀಲ್ ಯಾರು ಅಂತ. ಯಾಮಿನಿ ನನ್ ಮಗಳು. ಸುನೀಲ್ ನನ್ನ ಅಳಿಯ. ನಮ್ ಜಾತಿಯೋನಲ್ಲ. ಚಿಕ್ಕಬಳ್ಳಾಪುರದ ಹೈವೇ ಪಕ್ಕ ಗ್ಯಾರೇಜು. ನಿಮ್ ಗಾಡಿ ತಗೊಂಡೋಗಿ, ಅವ್ರ ಕೈಗೆ ಬಗ್ತದೆ."

ವಾಲಗ ನಿಂತುಹೋಯಿತು. ನಾನು ಬಾನೆಟ್ ಮೇಲಿನ ಹೂವಿನ ಹಾರವನ್ನು ನನ್ನ ಕೈಯಿಂದಲೇ ಬಿಚ್ಚಿ ರಮೇಶ್‌ಬಾಬುವಿನ ಕೈಗೆ ಕೊಟ್ಟೆ. ಮಂಟಪಕ್ಕೆ ಹೋಗಿ ತನುಜಳ ತಲೆಯ ಮೇಲೆ ಮುಹೂರ್ತಕ್ಕೆ ಮುಂಚೆಯೇ ಅಕ್ಷತೆ ಹಾಕಿದೆ. ಮಗುವಿನ ತಪ್ಪೇನೂ ಇಲ್ಲ. "ದೊಡ್ಡಪ್ಪಾ, ಅಕ್ಕನ ಮನೆಗೆ ನಾವಿಬ್ರೂ ಹೋಗ್ತೀವಿ, ಅವ್ರಿಗೆ ಹೇಳಿದೀನಿ" ಎಂದು ಕಿವಿಯಲ್ಲಿ ಹೇಳಿದಳು. ಕಾರಿನ ಹತ್ತಿರ ವಾಪಸು ಬಂದಾಗ ನಿನ್ನ ಅಮ್ಮ ಕಳಶವನ್ನು ಯಾರದೋ ಕೈಗಿತ್ತು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಅವಳ ಮುಖ ನಮ್ಮ ಮದುವೆಯ ದಿನ ಇದ್ದ ಹಾಗಿತ್ತು.

ನೇರ ನಿನ್ನ ಗ್ಯಾರೇಜಿಗೆ ಬಂದೆವು. ಭಾನುವಾರ ಎಂಬುದೇ ನೆನಪಿರಲಿಲ್ಲ. ಬಾಗಿಲು ಎಳೆದಿತ್ತು. ಮನೆ ಎಲ್ಲಿ ಎಂದು ನನಗೆ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಗೊತ್ತಿತ್ತು, ಆದರೆ ನೀವಾಗಿ ಕೇಳುವ ತನಕ ಹೇಳುವುದಿಲ್ಲ ಎಂದು ಬಾಯಿ ಮುಚ್ಚಿ ಕೂತಳು. ನಾನು ಕೇಳಲಿಲ್ಲ. ಅಷ್ಟೊಂದು ಒಂದೇ ದಿನಕ್ಕೆ ಆಗಲಿಲ್ಲ. ರಸ್ತೆಯ ಪಕ್ಕ ಸೌತೆಕಾಯಿ ತಿಂದು ಊರಿಗೆ ಬಂದೆವು.

ನಾನು ಮಾಡಿದ್ದು ತಪ್ಪು ಎಂದು ನಿನಗೆ ಕಾಗದ ಬರೆಯುತ್ತಿಲ್ಲ. ಹಾಗೆ ಬರೆಯಲು ನನಗೆ ಬರುವುದಿಲ್ಲ. ನಮ್ಮವರು ಸೇರಿ, ಬೀಗರ ಮುಂದೆ ಮಾನ ಕಳೆದೆ, ರಮೇಶ್‌ಬಾಬುವಿನ ಕ್ಷಮೆ ಕೇಳು ಎಂದು ಹೇಳಿಕಳಿಸಿದ್ದಾರೆ. ಅವತ್ತಿನಿಂದ ಕಾರಿನ ಹಿಂದಿನ ಗಾಜು ಅವನ ಗೇಟಿಗೆ ಎದುರಾಗುವ ಹಾಗೆ ತಿರುಗಿಸಿ ನಿಲ್ಲಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಓದಿಕೊಳ್ಳಲಿ.

ಬುಧವಾರ 21ಕ್ಕೆ ಎಣ್ಣೆ ಬದಲಿಸಲು ಬರುತ್ತೇವೆ. ಬುಧವಾರ ನೀನು ಇರುತ್ತೀಯ ಎಂದು ಗೊತ್ತು.

ಮುನಿಶಾಮಪ್ಪ


ಚಿಕ್ಕಬಳ್ಳಾಪುರ
17 ಮೇ 2025

ಅಪ್ಪಾ,

ಬನ್ನಿ. ಅಮ್ಮನನ್ನು ಕರೆದುಕೊಂಡೇ ಬನ್ನಿ.

ಶಿಡ್ಲಘಟ್ಟದ ಮಾತನ್ನು ಆ ಹರಿಕೃಷ್ಣ ಅವರೇ ನಮಗೆ ಹೇಳಿದರು. ಮದುವೆಯಾದ ಮೂರನೆಯ ದಿನವೇ ತಮ್ಮ ಹಳೆಯ ಕಾರನ್ನು ತಂದು ನಿಲ್ಲಿಸಿದರು. "ನಿಮ್ ಮಾವ ಗಟ್ಟಿ ಮನುಷ್ಯ ಕಣಪ್ಪ" ಎಂದು ಸುನೀಲನಿಗೆ ಹೇಳಿದರು. ಅವನು, "ನನಗಿಂತ ಅವ್ರ ಮಗಳಿಗೆ ಅದು ಚೆನ್ನಾಗಿ ಗೊತ್ತು" ಎಂದ. ಅವರು ಹೋದ ಮೇಲೆ ಬಹಳ ಹೊತ್ತು ಒಂದೇ ನಟ್ಟನ್ನು ಬಿಗಿ ಮಾಡುತ್ತಾ ಕೂತಿದ್ದ.

ಆದರೆ ಅಪ್ಪಾ, ನೀವು ದೇವಸ್ಥಾನದ ಮುಂದೆ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದಿರಿ ಎಂದು ನನ್ನ ಸಿಟ್ಟೆಲ್ಲ ಕರಗಿಹೋಗಿದೆ ಎಂದುಕೊಳ್ಳಬೇಡಿ. ಅವತ್ತು ಜಗಲಿಯ ಮೇಲೆ ನೀವು ಆಡಿದ ಮಾತುಗಳನ್ನು ನಾನು ನಿಂತುಕೊಂಡು ಕೊನೆಯವರೆಗೂ ಕೇಳಿದ್ದೆ, ಒಂದಕ್ಕೂ ತಿರುಗಿ ಉತ್ತರ ಕೊಟ್ಟಿರಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಅವನ್ನು ಕಾಗದದಲ್ಲಿ ಬರೆಯುವುದಿಲ್ಲ. ಬಾಯಲ್ಲೇ ಹೇಳುತ್ತೇನೆ, ಜೋರಾಗಿಯೇ ಹೇಳುತ್ತೇನೆ, ಸುನೀಲನ ಎದುರಿಗೇ ಹೇಳುತ್ತೇನೆ.

ನಿಮ್ಮ ಮುಂದೆ ಎರಡು ಗಾಡಿಗಳಿವೆ. ಅಪ್ಪನ ಗಾಡಿ ಎಂದು ಸರತಿ ತಪ್ಪಿಸುವುದಿಲ್ಲ. ಆ ಎರಡೂ ಮುಗಿಯುವ ತನಕ ನಾನು ಮಾತಾಡುತ್ತಿರುತ್ತೇನೆ, ನೀವು ಬೆಂಚಿನ ಮೇಲೆ ಕೂತು ಕೇಳುತ್ತಿರಬೇಕು.

ಯಾಮಿನಿ